ಹುಲಿಗೆ ಹಾರಿಕೆ, ಕುರಿಗೆ ಹಿಂಡು

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಸಾಗುವ ರಸ್ತೆಯಲ್ಲಿ ಯರಗೇರಾ ಎಂಬ ಊರು ಸಿಗುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಣ ನೆಲವನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಹೊಳೆಗಳ ನಡುವೆ ಇದ್ದರೂ ಇಲ್ಲಿನ ಬೇಸಗೆ ಬಹು ಕಠಿಣ. ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ನಡುಹಗಲಿನಲ್ಲಿ ಹೊಲಕ್ಕೆ ಹೋಗುವವರಿಲ್ಲ; ಕುರಿ ಕಾಯುವವರೂ ಹಿಂಡನ್ನು ಮರದ ನೆರಳಿಗೆ ತಂದು ನಿಲ್ಲಿಸುತ್ತಾರೆ. ಇಂತಹ ಹೊತ್ತಿನಲ್ಲಿ ಈ ಸೀಮೆಯ ಊರುಗಳ ಅಗಸಿಕಟ್ಟೆಯ ಮೇಲೆ, ಬೇವಿನ ಮರದ ಬುಡದಲ್ಲಿ, ಗುಡಿಯ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ಎಳೆದ ಕೆಲವು ಗೆರೆಗಳು ತಲೆತಲಾಂತರದಿಂದ ಜನರನ್ನು ಹಿಡಿದು ಕೂರಿಸಿವೆ. ಅದೇ ಹುಲಿ-ಕುರಿ ಆಟ. ಗಡಿಯಾಚೆಯ ತೆಲುಗರು ಇದನ್ನು ಪುಲಿ-ಮೇಕ ಎನ್ನುತ್ತಾರೆ. ತಮಿಳರು ಆಡು-ಪುಲಿ ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಆಡು-ಹುಲಿ. ಹಂಪೆಗೆ ಹೋದವರು ಮಂಟಪಗಳ ಕಲ್ಲುನೆಲವನ್ನು ಬಗ್ಗಿ ನೋಡಿದರೆ ಅಲ್ಲಿಯೂ ಇಂತಹ ಆಟದ ಮನೆಗಳನ್ನು ಕೊರೆದಿರುವುದು ಕಣ್ಣಿಗೆ ಬೀಳುತ್ತದೆ.

ಮೇಲುನೋಟಕ್ಕೆ ಈ ಆಟ ಅನ್ಯಾಯದ ಆಟ. ಚೆನ್ನೆಮಣೆಯನ್ನು ತೆಗೆದುಕೊಳ್ಳಿ. ಅಲ್ಲಿ ಇಬ್ಬರಿಗೂ ಏಳೇಳು ಗುಳಿ, ಇಬ್ಬರಿಗೂ ಸಮನಾದ ಕಾಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಹುಲಿ-ಕುರಿ ಆಟದಲ್ಲಿಯಾದರೋ ಒಬ್ಬನ ಕೈಯಲ್ಲಿ ಮೂರೇ ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ನುಂಗಬಲ್ಲದು. ಕುರಿಗೆ ಹಾರುವ ಶಕ್ತಿಯೂ ಇಲ್ಲ, ಕೊಲ್ಲುವ ಶಕ್ತಿಯೂ ಇಲ್ಲ. ಹುಲಿ ಆಟದ ಮೊದಲಿನಿಂದಲೇ ನಡೆಯುತ್ತದೆ. ಕುರಿಗಳನ್ನು ಒಂದೊಂದಾಗಿ ಮಣೆಯ ಮೇಲೆ ಇಡುತ್ತ ಹೋಗಬೇಕು, ಹದಿನೈದನೆಯದನ್ನು ಇಡುವವರೆಗೆ ಇಟ್ಟ ಕುರಿ ಇಟ್ಟಲ್ಲಿಯೇ ಕಲ್ಲಾಗಿ ನಿಂತಿರಬೇಕು. ಇಷ್ಟು ಕೇಳಿದವನು ತನಗೆ ಹುಲಿಯೇ ಬೇಕೆಂದು ಹಟ ಹಿಡಿಯುವುದು ಸಹಜ. ಹೊಸಬರೆಲ್ಲರೂ ಹಾಗೆಯೇ ಹಿಡಿಯುತ್ತಾರೆ. ಆದರೆ ಕಟ್ಟೆಯ ಮೇಲಿನ ಹಿರಿಯರು ಮಾತಿಲ್ಲದೆ ಕುರಿಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಮೂರು ಹುಲಿಗಳೂ ಮೂಲೆಯಲ್ಲಿ ಉಸಿರುಗಟ್ಟಿ ಕುಳಿತಿರುತ್ತವೆ.

ಇದು ಹೇಗೆ ಸಾಧ್ಯ? ಉತ್ತರವು ಗೆರೆಗಳಲ್ಲಿಯೇ ಅಡಗಿದೆ. ಮಣೆಯನ್ನು ಹೀಗೆ ಬರೆಯುತ್ತಾರೆ: ಮೇಲೆ ಒಂದು ತುದಿ, ಆ ತುದಿಯಿಂದ ಬೀಸಣಿಗೆಯ ಕಡ್ಡಿಗಳಂತೆ ಕೆಳಕ್ಕೆ ಹರಡುವ ನಾಲ್ಕು ಗೆರೆಗಳು, ಅವುಗಳ ಬುಡವನ್ನು ಕೂಡಿಸುವ ಒಂದು ಅಡ್ಡಗೆರೆ, ನಡುವೆ ಮೂರು ಅಡ್ಡಗೆರೆಗಳು. ಈ ಮೂರು ಮಾತ್ರ ಎರಡೂ ಬದಿಗೆ ತ್ರಿಕೋನದಿಂದ ಹೊರಚಾಚಿ, ಅಲ್ಲಿ ಎರಡು ನಿಲುವುಗೆರೆಗಳಿಂದ ಬಂಧಿತವಾಗಿ ಒಂದು ಆಯತವಾಗುತ್ತವೆ. ಗೆರೆಗಳು ಕೂಡುವ ಜಾಗಗಳೇ ಮನೆಗಳು. ತುದಿಯಲ್ಲಿ ಒಂದು, ಮೂರು ಅಡ್ಡಗೆರೆಗಳಲ್ಲಿ ಆರಾರರಂತೆ ಹದಿನೆಂಟು, ಬುಡದಲ್ಲಿ ನಾಲ್ಕು. ಒಟ್ಟು 23 ಮನೆಗಳು. ಹುಲಿ ಕುರಿಯನ್ನು ನುಂಗಬೇಕಾದರೆ ಒಂದೇ ನೇರದಲ್ಲಿ ಹುಲಿ, ಕುರಿ, ಅದರಾಚೆ ಖಾಲಿ ಮನೆ, ಈ ಮೂರೂ ಇರಬೇಕು. ಈಗ ಮನೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಒಂದು ಸೋಜಿಗ ಹೊರಬೀಳುತ್ತದೆ. ಮೇಲಿನ ತುದಿಯ ಮನೆಯಿಂದಾಚೆಗೆ ಯಾವ ಗೆರೆಯೂ ಮುಂದುವರಿಯುವುದಿಲ್ಲ. ಆದುದರಿಂದ ಅಲ್ಲಿ ಕುಳಿತ ಕುರಿಯನ್ನು ಹಾರಲು ಬಾರದು. ಆಯತದ ನಾಲ್ಕು ಮೂಲೆಗಳೂ, ಬುಡದ ಎರಡು ಕೊನೆಗಳೂ ಹೀಗೆಯೇ. ಅಂತೂ 23ರಲ್ಲಿ 7 ಮನೆಗಳು ಕುರಿಯ ಪಾಲಿಗೆ ಕೋಟೆಗಳು. ಹಲ್ಲಿಲ್ಲದ ಪ್ರಾಣಿಗೆ ಆಟವನ್ನು ಕಟ್ಟಿದವರು ಕೊಟ್ಟ ಮೊದಲ ವರ ಇದು. ಇದನ್ನು ನಿಯಮವಾಗಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಡುವವನು ಗೆರೆಗಳನ್ನು ನೋಡಿ ತಾನೇ ಕಂಡುಕೊಳ್ಳಬೇಕು.

ಎರಡನೆಯ ವರವು ಲೆಕ್ಕಕ್ಕೆ ಸಂಬಂಧಿಸಿದುದು. ಹುಲಿಯನ್ನು ಕಟ್ಟಿಹಾಕುವುದೆಂದರೆ ಅದರ ಪಕ್ಕದ ಮನೆಗಳನ್ನು ತುಂಬಿದರೆ ಸಾಲದು. ಪಕ್ಕದ ಕುರಿಯ ಬೆನ್ನಿಗೆ ಇನ್ನೊಂದು ಕುರಿ ನಿಲ್ಲಬೇಕು, ಇಲ್ಲವಾದರೆ ಹುಲಿ ಹಾರಿಬಿಡುತ್ತದೆ. ಮಣೆಯ ನಟ್ಟನಡುವೆ ನಾಲ್ಕು ದಿಕ್ಕಿಗೂ ದಾರಿಯುಳ್ಳ ಮನೆಯಲ್ಲಿ ನಿಂತ ಹುಲಿಯನ್ನು ಹಿಡಿಯಲು ಎಂಟು ಕುರಿಗಳು ಬೇಕು. ಬುಡದ ಕೊನೆಯಲ್ಲಿಯೋ ಆಯತದ ಮೂಲೆಯಲ್ಲಿಯೋ ನಿಂತ ಹುಲಿಗೆ ನಾಲ್ಕೇ ಸಾಕು. ಕುರಿಗೆ ಕೋಟೆಯಾದ ಆ ಮನೆಗಳೇ ಹುಲಿಗೆ ಬೋನುಗಳು! ಆದುದರಿಂದಲೇ ಅನುಭವಿಯಾದ ಆಟಗಾರ ಹುಲಿಗಳನ್ನು ಅಟ್ಟುವುದಿಲ್ಲ. ಒಂದೆರಡು ಕುರಿಗಳ ಆಸೆ ತೋರಿಸಿ ಅಂಚಿಗೆ ಕರೆದುಕೊಂಡು ಹೋಗುತ್ತಾನೆ. ಕುರಿಗಳ ಕಡೆಯವನಿಗೆ ಹದಿನೈದರ ಹಿಂಡು ಎಂದರೆ ಹದಿನೈದು ಜೀವಗಳು ಎಂದಷ್ಟೇ ಅಲ್ಲದೆ, ಮೂರು ಬೋನುಗಳನ್ನು ಕಟ್ಟಲು ಬೇಕಾದ ಕಲ್ಲುಗಳೆಂದೂ ಅರ್ಥ. ಬೋನಿಗೆ ನಾಲ್ಕರಂತೆ ಲೆಕ್ಕ ಹಿಡಿದರೆ ಹನ್ನೆರಡು. ಮೂರು ಕುರಿ ಹೆಚ್ಚಿಗೆ ಇವೆ. ಆಮಿಷಕ್ಕೆ, ತಪ್ಪಿಗೆ, ಎಲ್ಲದಕ್ಕೂ ಕೈಯಲ್ಲಿರುವ ಗಂಟು ಅಷ್ಟೇ.

ಈಗ ಯಾರಾದರೂ ಹುಲಿಯ ಮೇಲೆ ಕರುಣೆ ತೋರಿ ಅದಕ್ಕೆ ಇನ್ನೊಂದು ಶಕ್ತಿಯನ್ನು ಕೊಟ್ಟರೆಂದು ಭಾವಿಸಿ: ಒಮ್ಮೆ ಹಾರಿದ ಹುಲಿಯು ಎದುರಿಗೆ ಮತ್ತೊಂದು ಕುರಿ ಸಿಕ್ಕಿದರೆ ಅದೇ ಸರದಿಯಲ್ಲಿ ಅದನ್ನೂ ಹಾರಬಹುದು. ಒಂದೇ ವಾಕ್ಯದ ನಿಯಮ. ಆದರೆ ಆಮಿಷವೊಡ್ಡುವ ವಿದ್ಯೆಯೇ ಅಲ್ಲಿಗೆ ಮುಗಿಯಿತು, ಏಕೆಂದರೆ ಒಂದನ್ನು ತೋರಿಸಿದವನು ಎರಡನ್ನು ಕಳೆದುಕೊಳ್ಳುತ್ತಾನೆ. ಹಾಗಲ್ಲದೆ ಕುರಿಗಳಿಗೆ ಮೊದಲಿನಿಂದಲೇ ನಡೆಯುವ ಅಪ್ಪಣೆ ಕೊಟ್ಟರೋ, ಹೆದರಿದ ಕುರಿಯೆಲ್ಲ ಹಿಂದೆ ಸರಿದು ಕೋಟೆಯ ಮನೆಗಳನ್ನು ಹೊಕ್ಕು ಕೂರುತ್ತದೆ. ಹುಲಿಗೆ ಹಸಿವೇ ಗತಿ. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಎಂಬ ಲೆಕ್ಕವು ಊರಿಂದ ಊರಿಗೆ ಬೇರೆಯಾಗಿರುವುದಕ್ಕೆ ಕಾರಣವೂ ಇದೇ. ಎಲ್ಲಿ ಹುಲಿಗೆ ಬಲ ಹೆಚ್ಚಾಯಿತೋ ಅಲ್ಲಿ ಗೆಲುವಿನ ಬೆಲೆಯನ್ನು ಏರಿಸಿದರು. ಎಲ್ಲಿ ಕುರಿಗೆ ಹೆಚ್ಚಾಯಿತೋ ಅಲ್ಲಿ ಇಳಿಸಿದರು. ಪುಸ್ತಕವಿಲ್ಲ, ಪಂಡಿತರ ಸಭೆಯಿಲ್ಲ. ಸೋತವನ ಗೊಣಗಾಟವೇ ತಿದ್ದುಪಡಿ.

ನೇಪಾಳದಲ್ಲಿ ಈ ಆಟಕ್ಕೆ ಬಾಘ್-ಚಾಲ್ ಎಂಬ ಒಬ್ಬ ದಾಯಾದಿಯಿದ್ದಾನೆ. ಅಲ್ಲಿ 25 ಮನೆಗಳು, ನಾಲ್ಕು ಮೂಲೆಗಳಲ್ಲಿ ನಾಲ್ಕು ಹುಲಿಗಳು, 20 ಮೇಕೆಗಳು. ಐದು ಮೇಕೆ ಸತ್ತರೆ ಹುಲಿಯ ಗೆಲುವು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ವಿದ್ವಾಂಸರು ಈ ಆಟವನ್ನು ಗಣಕಯಂತ್ರಕ್ಕೆ ಒಪ್ಪಿಸಿ ಶೋಧಿಸಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಆಟ ಸಮವಾಗುತ್ತದೆ ಎಂಬ ನಿರ್ಣಯವನ್ನು 2009ರಲ್ಲಿ ಅಚ್ಚಾದ ಲೇಖನದಲ್ಲಿ ಪ್ರಕಟಿಸಿದರು. ಯಂತ್ರವಿಲ್ಲದ ಕಾಲದ ಬೆಟ್ಟಗಾಡಿನ ಜನ ನಾಲ್ಕು ಎಂದೂ ಇಪ್ಪತ್ತು ಎಂದೂ ಐದು ಎಂದೂ ಇಟ್ಟ ಸಂಖ್ಯೆಗಳು ತಕ್ಕಡಿಯ ಮುಳ್ಳನ್ನು ನಡುವಿಗೆ ತಂದು ನಿಲ್ಲಿಸಿದ್ದವು!

ಬಲವನ್ನು ಹಂಚುವ ಈ ಕಸುಬು ಚದುರಂಗದಲ್ಲಿ ಬೇರೊಂದು ಬಗೆಯಾಗಿ ನಡೆಯಿತು. ಭಾರತದಿಂದ ಪರ್ಷಿಯಾಕ್ಕೂ ಅರಬರ ನಾಡಿಗೂ ಹೋದ ಹಳೆಯ ಚದುರಂಗದಲ್ಲಿ ಮಂತ್ರಿಯು ಬಡಪಾಯಿ. ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಇಂದು ಒಂಟೆ ಎಂದು ಕರೆಯುವ ಕಾಯಿಯ ಪೂರ್ವಜನು ಓರೆಯಾಗಿ ಎರಡನೆಯ ಮನೆಗೆ ಜಿಗಿಯುತ್ತಿತ್ತು. ಜೀವಮಾನವೆಲ್ಲ ತಿರುಗಾಡಿದರೂ 64 ಮನೆಗಳಲ್ಲಿ ಅದು ಮುಟ್ಟಬಹುದಾದುದು ಎಂಟನ್ನು ಮಾತ್ರ. ಆಟ ಬಹು ನಿಧಾನವಾಗಿ ಸಾಗುತ್ತಿತ್ತು. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನ ದಕ್ಷಿಣದವರು ಮಂತ್ರಿಗೂ ಒಂಟೆಗೂ ಮಣೆಯುದ್ದಕ್ಕೆ ಓಡುವ ಶಕ್ತಿಯನ್ನು ಕೊಟ್ಟರು. ಒಂದೆರಡು ಕಾಯಿಗಳ ಬಲ ಏರಿದೊಡನೆ ಉಳಿದೆಲ್ಲ ಕಾಯಿಗಳ ಬದುಕು ಬದಲಾಯಿತು. ಅರಸನಿಗೆ ಮೂಲೆಯಲ್ಲಿ ಅಡಗುವ ಅಗತ್ಯ ಬಿತ್ತು. ಕೊನೆಯ ಸಾಲನ್ನು ಮುಟ್ಟಿ ಮಂತ್ರಿಯಾಗುವ ಕಾಲಾಳಿನ ಬೆಲೆ ಹತ್ತು ಪಟ್ಟು ಏರಿದಂತಾಯಿತು. ಶಕ್ತಿ ಎಂಬುದು ಒಬ್ಬನ ಗಂಟಿನಲ್ಲಿ ಸುಮ್ಮನೆ ಬಿದ್ದಿರುವ ನಾಣ್ಯವಲ್ಲ. ಪಕ್ಕದವನ ಗಂಟಿಗೂ ಅದು ಕೈಯಿಕ್ಕುತ್ತದೆ.

ಕರ್ನಾಟಕದಲ್ಲಿ ಈ ಕಸುಬಿಗೆ ಒಬ್ಬ ಅರಸನೇ ಮನಸೋತಿದ್ದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟವೇರಿದವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರ ಆಸಕ್ತಿ ಸಾಹಿತ್ಯ ಕಲೆಗಳ ಕಡೆಗೂ ಆಟಗಳ ಕಡೆಗೂ ಹರಿಯಿತು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗವು ಆಟಗಳಿಗೇ ಮೀಸಲು. ಗಂಜೀಫದ ಹೊಸ ಹೊಸ ಬಗೆಗಳನ್ನು ಅವರು ಕಲ್ಪಿಸಿದರು. ಚದುರಂಗದ ಕುದುರೆಯು ಪ್ರತಿಯೊಂದು ಮನೆಯನ್ನೂ ಒಂದೊಂದು ಸಲ ಮಾತ್ರ ಮುಟ್ಟುವಂತಹ ನಡೆಗಳನ್ನು ಹೆಣೆದರು. ನಾಡಿನ ಕಾಯಿದೆ ಕೈತಪ್ಪಿದ ಮೇಲೆ ಮಣೆಯ ಕಾಯಿದೆಯಲ್ಲಿ ಅರಸನಿಗೆ ಎಂತಹ ಸಮಾಧಾನ ದೊರಕಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಪಾತ್ರಗಳಿಗೆ ಬಲಾಬಲಗಳನ್ನು ಹಂಚುವ ಕೆಲಸವನ್ನೇ ಜೀವನೋಪಾಯ ಮಾಡಿಕೊಂಡವರು ಈ ಕಾಲದಲ್ಲಿ ಅನೇಕರಿದ್ದಾರೆ. ಅದರ ಮೊದಲ ಹೆಜ್ಜೆ ಬಿದ್ದದ್ದು ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಪುಸ್ತಕಗಳನ್ನು ಹೊರತಂದರು. ಅದರ ಸ್ವರೂಪವನ್ನು ತಿಳಿಯಲು ಉತ್ತರ ಕರ್ನಾಟಕದ ದೊಡ್ಡಾಟವನ್ನು ನೆನೆದರೆ ಸಾಕು. ದೊಡ್ಡಾಟದಲ್ಲಿ ವೇಷ ಹಾಕಿದವನು ರಂಗಕ್ಕೆ ಬಂದೊಡನೆ ಸಾರಥಿಯು ಅವನನ್ನು ಮಾತನಾಡಿಸಿ, ಅವನು ಯಾರು, ಎಲ್ಲಿಂದ ಬಂದವನು, ಅವನ ಪರಾಕ್ರಮವೇನು ಎಂಬುದನ್ನೆಲ್ಲ ಹೊರಡಿಸುತ್ತಾನೆ. ಈ ಆಟದಲ್ಲಿಯೂ ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರ; ಸಾರಥಿಯಂತಹ ಒಬ್ಬನು ಕಥೆಯನ್ನು ನಡೆಸುತ್ತಾನೆ. ಬಾಯಿಪಾಠದ ಮಾತಿಲ್ಲ, ಬಣ್ಣವಿಲ್ಲ. ಪಾತ್ರದ ಬಲವನ್ನು ಹಾಳೆಯ ಮೇಲೆ ಅಂಕಿಗಳಲ್ಲಿ ಬರೆದುಕೊಂಡಿರುತ್ತಾರೆ, ಏಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ.

ಮೊದಲು ಅಲ್ಲಿ ಮೂರೇ ಬಗೆಯ ಪಾತ್ರಗಳಿದ್ದವು: ಯೋಧ, ಮಂತ್ರವಾದಿ, ಪೂಜಾರಿ. ಮಂತ್ರವಾದಿಯು ಮೇಲೇರಿದಂತೆ ಒಂದು ಮಂತ್ರಕ್ಕೆ ದಂಡನ್ನೇ ಸುಡಬಲ್ಲವನು. ಅವನನ್ನು ಹಿಡಿತದಲ್ಲಿಡಲು ಕಟ್ಟುಪಾಡುಗಳನ್ನು ಹಾಕಿದರು. ದಿನಕ್ಕೆ ಇಷ್ಟೇ ಮಂತ್ರ, ಕೈಯಲ್ಲಿ ಕಿರುಗತ್ತಿಯ ಹೊರತು ಬೇರೆ ಆಯುಧವಿಲ್ಲ, ಮೈಮೇಲೆ ಕವಚವಿಲ್ಲ. ಒಂದನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರಲು ಯೋಧನು 2000 ಅಂಕ ಗಳಿಸಿದರೆ ಸಾಕು, ಮಂತ್ರವಾದಿಗೆ 2500 ಬೇಕು. ಮರುವರ್ಷ, 1975ರಲ್ಲಿ, ‘ಗ್ರೇಹಾಕ್’ ಎಂಬ ಪುರವಣಿ ಪುಸ್ತಕ ಬಂತು. ಅದು ಪಾತ್ರಗಳ ಆಯುಸ್ಸನ್ನು ನಿರ್ಣಯಿಸುವ ದಾಳಗಳನ್ನೇ ಬೇರ್ಪಡಿಸಿತು: ಯೋಧನಿಗೆ ಎಂಟು ಮುಖದ ದಾಳ, ಪೂಜಾರಿಗೆ ಆರು, ಮಂತ್ರವಾದಿಗೆ ನಾಲ್ಕು. ಎಂಟು ಮುಖದ ದಾಳದ ಸರಾಸರಿ ನಾಲ್ಕೂವರೆ, ನಾಲ್ಕು ಮುಖದ್ದರ ಸರಾಸರಿ ಎರಡೂವರೆ. ಲೆಕ್ಕ ಬಲ್ಲ ವಿದ್ಯಾರ್ಥಿಗಳು ಮಾಡಿ ನೋಡಬಹುದು.

ಆದರೆ ಆ ಪುರವಣಿಯಲ್ಲಿ ಬಂದ ಇನ್ನೊಂದು ಹೊಸತನ ವಾದಕ್ಕೆ ಎಡೆಮಾಡಿತು. ಅದು ಕಳ್ಳ ಎಂಬ ಪಾತ್ರ. ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು, ನೆರಳಿನಲ್ಲಿ ಮರೆಯಾಗುವುದು, ಗೋಡೆ ಹತ್ತುವುದು ಇವೆಲ್ಲ ಅವನ ವಿದ್ಯೆಗಳು. ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂಬ ಲೆಕ್ಕವೂ ಉಂಟು. ಚೆಲುವಾದ ಕಲ್ಪನೆಯೇ ಸರಿ. ಅದಕ್ಕೂ ಮೊದಲು ಯಾವ ಪಾತ್ರವಾದರೂ ಬಾಗಿಲ ಬಳಿ ಮೆಲ್ಲನೆ ಹೆಜ್ಜೆಯಿಡುತ್ತೇನೆ ಎಂದರೆ ಸಾರಥಿಯು ಆಗಲಿ ಎನ್ನುತ್ತಿದ್ದ. ಈಗ ಮೆಲ್ಲನೆ ನಡೆಯುವುದು ಕಳ್ಳನ ವಿದ್ಯೆಯೆಂದು ಅಚ್ಚಾಗಿಹೋಯಿತು; ಹಾಗಾದರೆ ಯೋಧನ ಕಾಲು ಸದ್ದು ಮಾಡಲೇಬೇಕೆ? ಒಬ್ಬನಿಗೆ ಹೊಸದಾಗಿ ಬರೆದುಕೊಟ್ಟದ್ದು ಉಳಿದವರಿಂದ ಹೇಳದೆಯೇ ಕಿತ್ತುಕೊಂಡದ್ದಾಯಿತು. ಇಂತಹ ಪುರವಣಿಗಳನ್ನು ಬರೆಯುವವರು ಇಂದಿಗೂ ಎದುರಿಸುವ ಕಷ್ಟ ಇದು. ಹೊಸ ಪುಸ್ತಕ ಮಾರಾಟವಾಗಬೇಕಾದರೆ ಹೊಸ ಪಾತ್ರ ಹಳೆಯದಕ್ಕಿಂತ ಆಕರ್ಷಕವಾಗಿರಬೇಕು. ಆಕರ್ಷಣೆಗಾಗಿ ಬಲವನ್ನು ಏರಿಸಿದರೆ ಹಳೆಯ ಪಾತ್ರ ಹಿಡಿದವನು ಮೇಜಿನ ಬಳಿ ಕೈಕಟ್ಟಿ ಕೂರಬೇಕು. ಅವನು ಸೋಲುವುದಿಲ್ಲ, ನಿಜ, ಒಂದೇ ಪಕ್ಷದವರಲ್ಲವೆ? ಅವನಿಗೆ ಮಾಡಲು ಏನೂ ಉಳಿದಿರುವುದಿಲ್ಲ, ಅಷ್ಟೇ. ಸೋಲಿಗಿಂತ ಅದು ಹೆಚ್ಚಿನ ನೋವು.

ಈ ನೋವನ್ನು ಅರಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕನ್ನಡದಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತಿದೆ. ಓಣಿಯ ಹುಡುಗರು ಲಗೋರಿ ಆಡುವಾಗ ಯಾರದೋ ತಮ್ಮ, ಐದಾರು ವರ್ಷದವನು, ಅಳುತ್ತ ಬಂದು ನಿಲ್ಲುತ್ತಾನೆ. ಅವನನ್ನು ಬಿಡುವಂತಿಲ್ಲ, ಅವ್ವ ಬೈಯುತ್ತಾಳೆ. ಸೇರಿಸಿಕೊಂಡರೆ ಪಕ್ಷದ ಬಲ ಕೆಡುತ್ತದೆ. ಕೊನೆಗೆ ಅವನಿಗೆ ವಿಶೇಷ ಶಕ್ತಿಯೊಂದನ್ನು ದಯಪಾಲಿಸುತ್ತಾರೆ: ಚೆಂಡು ತಗುಲಿದರೂ ಅವನು ಔಟಾಗುವುದಿಲ್ಲ. ಜಗತ್ತಿನ ಯಾವ ಆಟದ ಪುಸ್ತಕದಲ್ಲಿಯೂ ಇದಕ್ಕಿಂತ ದೊಡ್ಡ ವರವಿರಲಾರದು. ಮಗು ಒಂದು ಗಳಿಗೆ ಹಿಗ್ಗಿ ಓಡಾಡುತ್ತದೆ. ಆಮೇಲೆ ಅದಕ್ಕೆ ಒಂದು ವಿಷಯ ಹೊಳೆಯುತ್ತದೆ: ತನ್ನ ಕಡೆಗೆ ಯಾರೂ ಚೆಂಡನ್ನೇ ಎಸೆಯುತ್ತಿಲ್ಲ! ಅದು ಮೂಲೆಗೆ ಹೋಗಿ ಮಣ್ಣು ಕೆದರುತ್ತ ಕೂರುತ್ತದೆ. ಸಾವಿಲ್ಲದ ವರ ಪಡೆದ ಆ ಮಗುವಿಗಿಂತ, ಹುಲಿಯ ಬಾಯಿಗೆ ಬೀಳಬಹುದಾದ ಹದಿಮೂರನೆಯ ಕುರಿಯೇ ಮೇಲು; ಅದು ಹೋದರೆ ಒಂದು ಬೋನಿನ ಬಾಗಿಲು ತೆರೆಯುತ್ತದೆ, ಆದುದರಿಂದ ಎರಡೂ ಕಡೆಯವರ ಕಣ್ಣು ಅದರ ಮೇಲಿರುತ್ತದೆ.

ಮಕ್ಕಳನ್ನೂ ಮುದುಕರನ್ನೂ ಒಂದೇ ಮಣೆಗೆ ತರಲು ಮನೆಯೊಳಗಿನ ಹೆಂಗಸರು ಇದಕ್ಕಿಂತ ಜಾಣತನದ ಉಪಾಯವನ್ನು ಹಿಡಿದಿದ್ದರು. ಅದು ಚೌಕಾಬಾರ. ಐದೈದು ಮನೆಗಳ ಚೌಕ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಎಂಟು. ಕವಡೆಯು ನಾಣ್ಯದಂತೆ ಎರಡು ಕಡೆಗೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ ಹದಿನಾರು ಬಗೆಗಳಲ್ಲಿ ಒಂದು ಮಾತ್ರ ಬಾರ. ಅದು ಅಜ್ಜಿಗೂ ಬೀಳಬಹುದು, ಮೊಮ್ಮಗಳಿಗೂ ಬೀಳಬಹುದು. ಯಾರ ಮೇಲೂ ದಯೆ ತೋರಿದಂತಾಗುವುದಿಲ್ಲ. ಆದರೆ ಪೂರ್ತಿ ಅದೃಷ್ಟಕ್ಕೆ ಬಿಟ್ಟರೆ ಆಟ ಜೂಜಾಗುತ್ತದೆ. ಧರ್ಮರಾಯನಂತಹವನೇ ಆ ದಾರಿಯಲ್ಲಿ ರಾಜ್ಯವನ್ನು ಕಳೆದುಕೊಂಡ. ಅದಕ್ಕಾಗಿಯೇ ಬಹಳ ಮನೆಗಳಲ್ಲಿ ಇನ್ನೊಂದು ಕಟ್ಟಳೆಯಿದೆ: ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಅದೃಷ್ಟದಿಂದ ಮುಂದೋಡಿದವನೂ ಒಳಬಾಗಿಲಿನ ಬಳಿ ನಿಂತು ಹಿಂದೆ ಬರುವವರಿಗಾಗಿ ಕಾಯಬೇಕು. ಎಷ್ಟು ಹೊತ್ತು ಕಾಯಬೇಕು, ಯಾವ ಕಾಯನ್ನು ಅಪಾಯಕ್ಕೆ ಒಡ್ಡಬೇಕು, ಇಲ್ಲಿ ಬುದ್ಧಿಗೆ ಕೆಲಸ ಬರುತ್ತದೆ. ಅಜ್ಜಿಯ ಅನುಭವ ಗೆಲ್ಲುವುದು ಸಾಮಾನ್ಯವಾಗಿ ಈ ಬಾಗಿಲಿನಲ್ಲಿಯೇ.

ಹುಲಿ-ಕುರಿ ಆಟದಲ್ಲಿ ಕವಡೆಯೂ ಇಲ್ಲ, ದಾಳವೂ ಇಲ್ಲ. ಬಲಾಬಲ ಎಷ್ಟೇ ತೂಗಿದರೂ ಕೊಂಚ ಓರೆ ಉಳಿದೇ ಉಳಿಯುತ್ತದೆ. ಅದಕ್ಕೆ ಕಟ್ಟೆಯ ಮೇಲಿನ ಜನರ ಪರಿಹಾರ ಬಹು ಸರಳ: ಒಂದಾಟ ಹುಲಿಯಾದವನು ಮುಂದಿನ ಆಟಕ್ಕೆ ಕುರಿಯಾಗಬೇಕು. ಆಗ ತನ್ನ ಹುಲಿಗೆ ಹೆಚ್ಚಿನ ಹಾರಿಕೆ ಬೇಕೆಂದು ವಾದಿಸಿದವನಿಗೆ ಆ ಹಾರಿಕೆ ಎದುರಿನಿಂದ ಬಂದಾಗ ಹೇಗಿರುತ್ತದೆ ಎಂಬುದು ಅರ್ಧ ಗಂಟೆಯಲ್ಲಿಯೇ ತಿಳಿಯುತ್ತದೆ.

ಬಿಸಿಲೂ ಗಾಳಿಯೂ ಕಾಲುಗಳೂ ಸೇರಿ ಸೀಮೆಸುಣ್ಣದ ಗೆರೆಗಳನ್ನು ಬೇಗನೆ ಅಳಿಸಿಬಿಡುತ್ತವೆ. ಮಣೆಯನ್ನು ಮತ್ತೆ ಬರೆಯಬೇಕು. ಹುಲಿಗೆ ಮೂರು ದೊಡ್ಡ ಕಲ್ಲು, ಕುರಿಗೆ ಹದಿನೈದು ಹುಣಸೆಬೀಜ ಆರಿಸಬೇಕು. ಬೇರೆ ಊರಿನಿಂದ, ಮಾನ್ವಿಯ ಕಡೆಯಿಂದಲೋ ದೇವದುರ್ಗದ ಕಡೆಯಿಂದಲೋ ನೆಂಟನಾಗಿ ಬಂದವನು ಎದುರಿಗೆ ಕುಳಿತಿದ್ದರಂತೂ ಕಲ್ಲು ಇಡುವ ಮೊದಲೇ ಮಾತು ಆರಂಭವಾಗುತ್ತದೆ. “ನಿಮ್ಮ ಕಡಿ ಎಷ್ಟು ಕುರಿ ಸತ್ತರ ಹುಲಿ ಗೆದ್ದಂಗ? ಎರಡು ಹಾರಿಕಿ ಐತೇನು? ಹುಲಿ ಎಲ್ಲೆಲ್ಲಿ ಇಡ್ತೀರಿ?” ಎಂದು ಒಬ್ಬನು ಕೇಳುತ್ತಾನೆ, ಮತ್ತೊಬ್ಬನು ತನ್ನ ಊರಿನ ರೀತಿಯನ್ನು ಹೇಳುತ್ತಾನೆ. ಒಂದನ್ನು ಇವನು ಬಿಡುತ್ತಾನೆ, ಒಂದನ್ನು ಅವನು ಬಿಡುತ್ತಾನೆ. ಸುತ್ತ ನಿಂತವರಲ್ಲಿ ಯಾರೋ ಒಬ್ಬರು ನಡುವೆ ಬಾಯಿ ಹಾಕುತ್ತಾರೆ. ಈ ಒಪ್ಪಂದವು ಕೆಲವೊಮ್ಮೆ ಆಟಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ಅದು ಮುಗಿದ ಮೇಲೆಯೇ ಮೊದಲ ಹುಣಸೆಬೀಜ ಮಣೆಯ ಮೂಲೆಯೊಂದರಲ್ಲಿ ಕೂರುತ್ತದೆ.